ಮುಖ ನೋಡಿ ಮಾತು

"ಜೀವ ಒಂದು ಉಳೀತಲ್ಲ ಬುಡವ್ವ, ಅದೇ ದೊಡ್ಡದು." ತಲೆಗೆ ಪೆಟ್ಟು ಬಿದ್ದ ನನ್ನ ಗಂಡನನ್ನು ಮಡಿಕೇರಿ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ನೋಡಲು ಬಂದವರೆಲ್ಲ ಇದನ್ನೇ ಹೇಳಿದರು. ಆ ಮಾತನ್ನು ನಾನು ಇವತ್ತಿಗೂ ಸಹಿಸುವುದಿಲ್ಲ. ಯಾರಾದರೂ ಯಾರಿಗಾದರೂ ಹೇಳುವುದು ಕಿವಿಗೆ ಬಿದ್ದರೆ ಎದ್ದು ಆಚೆ ಹೋಗುತ್ತೇನೆ. ಉಳಿದ ಜೀವವನ್ನು ನಾಲ್ಕು ಜನರ ನಡುವೆ ಎಲ್ಲಿ ಕೂರಿಸಬೇಕು ಅನ್ನುವುದನ್ನು ಆ ಪುಣ್ಯಾತ್ಮರಲ್ಲಿ ಒಬ್ಬರೂ ಹೇಳಲಿಲ್ಲ. ನನ್ನ ಬಾಳಿನ ಅರ್ಧ ಅದನ್ನು ಹುಡುಕುವುದರಲ್ಲೇ ಹೋಯಿತು.

ನನ್ನ ತೌರು ಶಿರಂಗಾಲ. ಕೊಟ್ಟದ್ದು ಸುಂಟಿಕೊಪ್ಪದ ಕೆಳಗಿನ ಒಂದು ಊರಿಗೆ. ಕೊಡಗು ಆಗ ಬಿಳಿಯರ ಕೈಯಲ್ಲಿತ್ತು. ಎಸ್ಟೇಟುಗಳ ಕಾಫಿ ಮೂಟೆ ಎತ್ತಿನ ಗಾಡಿಗಳಲ್ಲಿ ಫ್ರೇಜರ್‌ಪೇಟೆ ದಾಟಿ ಹುಣಸೂರಿಗೆ ಹೋಗುತ್ತಿತ್ತು. ನನ್ನ ಗಂಡ ಆ ಗಾಡಿ ಹೊಡೆಯುವವರು. ಮಾತಿನಲ್ಲಿ ಅವರನ್ನು ಮೀರಿಸುವವರು ಆ ರಸ್ತೆಯಲ್ಲೇ ಇರಲಿಲ್ಲ. ಗಾಡಿ ಬಿಟ್ಟು ಅಡುಗೆ ಮಾಡಿಕೊಳ್ಳುವ ಕಡೆ ಬೇರೆ ಗಾಡಿಯವರು ಇವರ ಮಾತು ಕೇಳಬೇಕೆಂದೇ ಪಕ್ಕದಲ್ಲಿ ಎತ್ತು ಕಟ್ಟುತ್ತಿದ್ದರು. ಮೇಸ್ತ್ರಿಯ ಹತ್ತಿರ ತಮಿಳು, ಅಂಗಡಿ ಸಾಬರ ಹತ್ತಿರ ಉರ್ದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಬಲು ವಿನಯದ ಕನ್ನಡ. ಊರಲ್ಲಿ ಹೆಣ್ಣು ಕೇಳಲು ಹೋಗಬೇಕಾದರೂ, ಅಣ್ಣತಮ್ಮಂದಿರ ಜಗಳ ಬಿಡಿಸಬೇಕಾದರೂ ಇವರೇ ಬೇಕು. ಮನೆಯ ಯಜಮಾನಿಕೆ ಇವರ ಅಣ್ಣನದು, ಅಂದರೆ ನನ್ನ ಭಾವನದು. ಆದರೆ ಭಾವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವರು ಮಾತು ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಎರಡನೆಯದಕ್ಕೆ ನಮ್ಮೂರಿನವರು ಇವರನ್ನೇ ತೋರಿಸುತ್ತಿದ್ದರು.

ಮಳೆ ಹಿಂದೆಗೆಯುತ್ತಿದ್ದ ಕಾಲ. ಸುಂಟಿಕೊಪ್ಪದ ಇಳಿಜಾರಿನಲ್ಲಿ ಚಕ್ರ ಚರಂಡಿಗೆ ಜಾರಿ ಗಾಡಿ ಮಗುಚಿತು. ಇವರ ತಲೆ ರಸ್ತೆ ಬದಿಯ ಕಲ್ಲಿಗೆ ಬಡಿಯಿತು. ಹಿಂದಿನ ಗಾಡಿಯಲ್ಲಿದ್ದದ್ದು ನಮ್ಮ ಪಕ್ಕದ ಮನೆಯವನೇ, ಇವರ ಜೊತೆಗಾರ. ಅವನು ತನ್ನ ಗಾಡಿಯ ಮೂಟೆಗಳನ್ನೆಲ್ಲ ರಸ್ತೆಗೆ ಉರುಳಿಸಿ, ಇವರನ್ನು ಮಲಗಿಸಿಕೊಂಡು ಮಡಿಕೇರಿಗೆ ಹೊಡೆದ. ಕಾಫಿ ನೆನೆದು ಹೋದದ್ದಕ್ಕೆ ರೈಟರು ಆಮೇಲೆ ಅವನ ಮೇಲೆ ಕೂಗಾಡಿದರಂತೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಬಂದನಂತೆ.

ಮನೆಗೆ ಬಂದಾಗ ಕೈಕಾಲು ನೆಟ್ಟಗಿದ್ದವು. ಊಟ ಸೇರುತ್ತಿತ್ತು, ಮಾತೂ ಬರುತ್ತಿತ್ತು. ನಾನು ದೇವರಿಗೆ ಕೈ ಮುಗಿದೆ, ಸ್ವಲ್ಪ ಬೇಗನೇ ಮುಗಿದೆ. ಆ ವಾರವೇ ನೆಂಟರ ಹಿರಿಯರೊಬ್ಬರು ಕಿತ್ತಳೆ ಹಣ್ಣು ತಂದು ಯೋಗಕ್ಷೇಮ ಕೇಳಲು ಬಂದರು. ಇವರು ಅವರನ್ನು ನೋಡಿ, "ಏನೋ, ನಿನ್ ಎರಡನೆ ಹೆಂಡ್ತಿ ಓಡೋಗಿದ್ಲಲ್ಲ, ಬಂದ್ಲಾ?" ಅಂದರು. ಓಡಿಹೋದದ್ದು ಊರಿಗೆಲ್ಲ ಗೊತ್ತು. ಅವರ ಎದುರು ಯಾರೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಹಿರಿಯರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋದರು.

ಅಲ್ಲಿಂದ ಶುರುವಾಯಿತು. ಪಟೇಲರನ್ನು "ಬಾರೋ" ಎಂದು ಕರೆದರು. ಹೇಳಿದ್ದನ್ನೇ ಹೇಳುವುದು, ಎದುರಿನವರು ಎದ್ದರೂ ಅವರ ಹಿಂದೆಯೇ ನಡೆದುಕೊಂಡು ಹೇಳುವುದು. ಹೆಂಗಸರು ನೀರು ಸೇದುವಲ್ಲಿ ಹೋಗಿ ತೀರ ಹತ್ತಿರ ನಿಲ್ಲುವುದು. ಒಬ್ಬಳು ಅತ್ತರೆ ಇವರು ನಗುತ್ತಿದ್ದರು. ಕೆಟ್ಟತನವಲ್ಲ. ಅಳುವವಳ ಬಾಯಿ ಅಗಲವಾಗುತ್ತದಲ್ಲ, ಅದು ನಗು ಎಂದೇ ಅವರು ತಿಳಿದದ್ದು. ಎದುರಿನವರ ಮುಖ ಅವರ ಪಾಲಿಗೆ ಬರೀ ಕಣ್ಣು, ಮೂಗು, ಬಾಯಿ ಆಗಿಬಿಟ್ಟಿತ್ತು. ಅದರೊಳಗೆ ಏನಿದೆ ಎಂದು ಓದುವ ವಿದ್ಯೆ ಆ ಕಲ್ಲಿನ ಹತ್ತಿರ ಬಿದ್ದುಹೋಗಿತ್ತು. ಇಳಿಜಾರಿನ ಗಾಳಿ ಮೆಟ್ಟಿಕೊಂಡಿದೆ ಎಂದು ಭಾವ ಮಂತ್ರಗಾರನನ್ನು ಕರೆಸಿ ತಾಯಿತ ಕಟ್ಟಿಸಿದರು, ಹುಂಜ ಕುಯ್ಯಿಸಿದರು. ಅದರಿಂದ ಆದ ಪ್ರಯೋಜನ ಒಂದು ಹೊತ್ತಿನ ಕೋಳಿ ಸಾರು.

ಭಾವನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಇವರನ್ನು ನಾನು ಹಿತ್ತಲಲ್ಲೇ ಹಿಡಿದಿಟ್ಟುಕೊಂಡಿದ್ದೆ. ಒಲೆಯ ಕಡೆ ತಿರುಗುವಷ್ಟರಲ್ಲಿ ನಡುಮನೆಗೆ ಹೋಗಿ ಕೂತಿದ್ದರು. ಹುಡುಗಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿದ್ದುದನ್ನು, ಹೇಗೆ ಕೈಕಾಲು ಅದುರುತ್ತಿದ್ದವು ಎನ್ನುವುದನ್ನು, ತಮ್ಮ ಕೈಯಿಂದಲೇ ಆಡಿ ತೋರಿಸಿದರು. ಬಂದವರು ತಟ್ಟೆಯ ಎಲೆಅಡಿಕೆ ಮುಟ್ಟದೆ ಎದ್ದರು.

ಭಾವ ಅವತ್ತು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ನಾಲ್ಕು ಮಾತು ತಿರುಗಿಸಲು ಆಗುತ್ತಿತ್ತು. ಅಡುಗೆಮನೆ ಬಾಗಿಲ ಆಚೆ ನಿಂತು ಮೆತ್ತಗೆ ಹೇಳಿದರು: "ನೋಡವ್ವ, ಅವ್ನು ನನ್ ತಮ್ಮ, ಬುಡಾಕಾಗಲ್ಲ. ಜನದ್ ನಡುವೆ ಕೂರ್ಸಾಕೂ ಆಗಲ್ಲ. ಗದ್ದೆ ಗುಡ್ಲಲ್ಲಿ ಇರ್ಲಿ. ಹೊತ್ತೊತ್ಗೆ ಊಟ ಕಳಿಸ್ತೀನಿ."

ಗದ್ದೆ ಗುಡಿಸಲೆಂದರೆ ಬೆಳೆ ಬಂದಾಗ ಹಂದಿ, ಆನೆ ಕಾಯಲು ಕಟ್ಟಿದ್ದು. ಊಟ ಕಳಿಸಿಕೊಂಡು ತಿನ್ನುವವನು ಮನೆಯವನಲ್ಲ. ಮನೆಯವನು ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ. ನಾನು ಹುತ್ತರಿ ತನಕ ಅವಕಾಶ ಕೇಳಿದೆ. ಹುತ್ತರಿಯ ಹೊಸಕ್ಕಿ ಊಟಕ್ಕೆ ನೆಂಟರೆಲ್ಲ ಸೇರುತ್ತಾರೆ. ಆ ಪಂಕ್ತಿಯಲ್ಲಿ ಕೂತು ಯಾರ ಮಾನವನ್ನೂ ಕಳೆಯದೆ ಎದ್ದರೆ ಇವರು ಮನೆಯಲ್ಲೇ ಉಳಿಯಬೇಕು. ಭಾವ ಒಪ್ಪಿದರು. ನಂಬಿ ಒಪ್ಪಿದ್ದಲ್ಲ, ನನ್ನ ಬಾಯಿಗೆ ಹೆದರಿ ಒಪ್ಪಿದ್ದು.

ಮಾತು ಬರುವವನಿಗೆ ಮಾತು ಕಲಿಸುವುದು ಹೇಗೆ? ನನಗೆ ಗೊತ್ತಿದ್ದ ಪಾಠವೆಂದರೆ ಹೋರಿ ಪಳಗಿಸುವುದೊಂದೇ. ಹೊಸ ಹೋರಿಗೆ ಮೊದಲು ಕಲಿಸುವುದು ನಡೆಯುವುದನ್ನಲ್ಲ, ನಿಲ್ಲುವುದನ್ನು. ಹಾಗಾಗಿ ಕೊಟ್ಟಿಗೆಯಲ್ಲಿ ಕೂರಿಸಿಕೊಂಡು ನಿಲ್ಲುವುದನ್ನೇ ಮೊದಲು ಹಿಡಿದೆ. ಯಾರು ಏನು ಕೇಳಿದರೂ ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಳ್ಳಬೇಕು. ಅದನ್ನು ಕಚ್ಚಿ ಮುಗಿಸುವ ತನಕ ಎದುರಿನವರ ಮುಖ ನೋಡಬೇಕು. ಆಮೇಲೆ ಮಾತು. ಮೊದಮೊದಲು ಅಡಿಕೆ ಬಾಯಲ್ಲಿಟ್ಟುಕೊಂಡೇ ಮಾತಾಡಿ ಚೂರು ನನ್ನ ಮುಖಕ್ಕೆ ಹಾರುತ್ತಿತ್ತು.

ಆಮೇಲೆ ಮುಖದ ಪಾಠ. ನಾನು ಹುಬ್ಬು ಗಂಟಿಕ್ಕಿ ಕೂರುವುದು, ಇದೇನು ಹೇಳಿ ಎನ್ನುವುದು. ಅವರು ಬಹಳ ಹೊತ್ತು ನೋಡಿ ಹಲ್ಲು ನೋವಾ ಎಂದು ಕೇಳುವುದು. ಬೇಸರದ ಮುಖ ಮಾಡಿದರೆ ನಿದ್ದೆ ಎನ್ನುವರು. ಹೆದರಿದ ಮುಖವಂತೂ ಅವರಿಗೆ ಸಿಗಲೇ ಇಲ್ಲ. ಕೋಪ ಮಾತ್ರ ಬೇಗ ಕಲಿತರು. ನಾನು ನಿಜವಾಗಿ ಕೋಪ ಮಾಡಿಕೊಳ್ಳುತ್ತಿದ್ದರಿಂದ ಅದಕ್ಕೆ ಅಭ್ಯಾಸ ಜಾಸ್ತಿ ಸಿಕ್ಕಿತು. ಒಂದು ದಿನ ತಾಳ್ಮೆ ಹೋಗಿ ಕೈಯಲ್ಲಿದ್ದ ಸೌಟು ಎಸೆದೆ. ಅವರು ಮೂಲೆಗೆ ಸರಿದು ಮಗುವಿನ ಹಾಗೆ ಅತ್ತರು. ನನಗೂ ಅಳು ಬಂತು.

ಅತ್ತೆ ಮೊದಲು ಇದನ್ನೆಲ್ಲ ಕೋತಿಯಾಟ ಎಂದರು. ಗಂಡನನ್ನು ಕುಣಿಸುವ ಸೊಸೆ ಎಂದು ಬೈದರು. ಆಮೇಲೆ ಒಂದು ಮಧ್ಯಾಹ್ನ ತಾವೇ ಸೆರಗು ಹೊದ್ದು ಹೊರಗೆ ಹೋಗಿ, ತಲೆಬಾಗಿಲಲ್ಲಿ ನೆಂಟರ ಹಾಗೆ ಕೆಮ್ಮಿ ಒಳಗೆ ಬಂದರು. ಇವರು ಎದ್ದು, ಬನ್ನಿ, ಕೂತ್ಕಳಿ, ಊಟ ಆಯ್ತಾ ಎಂದು ಕೇಳಬೇಕು. ಬೆಳೆ ಹೇಗಿದೆ, ಮಕ್ಕಳು ಹೇಗಿದ್ದಾರೆ ಎನ್ನಬೇಕು. ಬೇರೆಯವರ ಮನೆಯಿಂದ ಏಳುವಾಗ, ಹೋಗಿ ಬತ್ತೀನಿ, ನೀವೂ ನಮ್ಮನೆ ಕಡೆ ಬನ್ನಿ ಎನ್ನಬೇಕು. ಹಡೆದ ತಾಯಿ ದಿನವೂ ನೆಂಟಳಾಗಿ ಬರುವುದು, ಮಗ ದಿನವೂ ಆಕೆಯ ಯೋಗಕ್ಷೇಮ ಕೇಳುವುದು. ನೋಡಿದವರಿಗೆ ನಗು ಬರಬೇಕು. ಅತ್ತೆ ಮಾತ್ರ ಒಂದು ದಿನವೂ ನಗಲಿಲ್ಲ.

ಒಮ್ಮೆ ಪಾಠ ಮುಗಿದ ಮೇಲೆ ಅವರು ಸುಮ್ಮನೆ ಕೂತಿದ್ದವರು ನನ್ನನ್ನು ಕೇಳಿದರು.

"ಮುಂಚೆ ನಂಗೆ ಇವೆಲ್ಲ ಬತ್ತಿತ್ತಾ?"

"ಬತ್ತಿತ್ತು. ನೀವೇ ಊರ್ಗೆ ಕಲ್ಸೋರು."

"ಹಂಗಾರೆ ಅವ್ನು ಎಲ್ಗೋದ?"

ನನಗೂ ಅವನೇ ಬೇಕಾಗಿದ್ದ, ಆ ಹಳೆಯ ಗಂಡ. ಈ ಹೊಸಬನ ಮೇಲೆ ಪ್ರೀತಿಗಿಂತ ಕನಿಕರವೇ ಹೆಚ್ಚಿದ್ದ ದಿನಗಳು ಅವು. ಎದ್ದು ಹಸುವಿಗೆ ಹುಲ್ಲು ಹಾಕಿದೆ.

ಹುತ್ತರಿ ಬಂತು. ಉಣ್ಣುವಾಗ ಅಡಿಕೆ ಅಗಿಯಲಾಗುವುದಿಲ್ಲ ಎನ್ನುವುದು ನನಗೆ ಹೊಳೆದದ್ದು ಎಲೆ ಹಾಕುವ ಹೊತ್ತಿಗೆ. ಓಡಿಹೋಗಿ, ಅಡಿಕೆಯ ಬದಲು ಒಂದು ಗುಟುಕು ನೀರು ಎಂದು ಹೇಳಿ ಬಂದೆ. ಎದುರಿನ ಸಾಲಿನಲ್ಲಿ ಕೂತವರು ಆ ಕಿತ್ತಳೆ ಹಣ್ಣಿನ ಹಿರಿಯರೇ. ಹೇಗಿದ್ದೀಯಪ್ಪ ಎಂದು ಅವರು ಬಿಗಿಯಾಗಿ ಕೇಳಿದರು. ಇವರು ನೀರು ಕುಡಿದರು. ಅವರ ಮುಖ ನೋಡಿದರು. ಚೆನ್ನಾಗಿದ್ದೀನಿ, ನೀವು ಚೆನ್ನಾಗಿದ್ದೀರಾ, ಬೆಳೆ ಹೆಂಗದೆ ಅಂದರು. ಅಷ್ಟೇ. ಊಟ ಮುಗಿಯುವಷ್ಟರಲ್ಲಿ ಒಂದು ಚೆಂಬು ನೀರು ಖಾಲಿಯಾಗಿತ್ತು. ಕೈ ತೊಳೆಯಲು ಎದ್ದ ಹಿರಿಯರು ಇವರ ಭುಜ ತಟ್ಟಿ ಹೋದರು. ಅಡುಗೆಮನೆಯಲ್ಲಿ ನಾನು ಹೊಗೆಯ ನೆಪದಲ್ಲಿ ಚೆನ್ನಾಗಿ ಅತ್ತುಬಿಟ್ಟೆ. ಗುಡಿಸಲಿನ ಮಾತನ್ನು ಭಾವ ಮತ್ತೆ ಎತ್ತಲಿಲ್ಲ.

ಆ ಚಳಿಗಾಲ, ಬೇಸಿಗೆ ನಾವು ಮನುಷ್ಯರಂತೆ ಇದ್ದೆವು. ಇವರನ್ನು ಸಂತೆಗೆ ಕಳಿಸಿದೆ, ಅಂಗಡಿಗೆ ಕಳಿಸಿದೆ. ತಪ್ಪುಗಳಾಗುತ್ತಿದ್ದವು, ಜನ ನುಂಗಿಕೊಳ್ಳುತ್ತಿದ್ದರು. ಬೇಸಿಗೆ ಮಳೆ ಬಿದ್ದ ಮೇಲೆ ಚಳಿಜ್ವರ ಶುರುವಾಯಿತು. ಕೊಡಗಿನಲ್ಲಿ ಅದು ವರ್ಷವೂ ಬರುವ ನೆಂಟ. ಆ ವರ್ಷ ಮನೆಮನೆಗೂ ಬಂತು. ಇವರನ್ನು ಗಾಡಿಯಲ್ಲಿ ಹಾಕಿಕೊಂಡು ಮಡಿಕೇರಿಗೆ ಹೊಡೆದಿದ್ದ ಪಕ್ಕದ ಮನೆಯವನು ಹೋಗಿಬಿಟ್ಟ. ಹೆಂಡತಿ, ಇಬ್ಬರು ಸಣ್ಣ ಮಕ್ಕಳು ಉಳಿದರು.

ಮಣ್ಣು ಮಾಡಿದ ಮಾರನೆ ದಿನ ಮಾತಾಡಿಸಿ ಬರಲು ಹೋದೆವು. ಇವರನ್ನು ಕರೆದುಕೊಂಡು ಹೋಗುವುದೋ ಬೇಡವೋ ಎಂದು ಭಾವ ಅನುಮಾನಿಸಿದರು. ಜೀವ ಉಳಿಸಿದವನ ಮನೆಗೆ ಇವರು ಬರದಿದ್ದರೆ ಹೇಗೆ ಎಂದು ನಾನೇ ಹೇಳಿದೆ. ಇವತ್ತೂ ಅದನ್ನೇ ಹೇಳುತ್ತೇನೆ. ಅಲ್ಲಿ ಇವರು ಎಷ್ಟು ಚೆನ್ನಾಗಿ ನಡೆದುಕೊಂಡರು! ಜಗಲಿಯ ತುದಿಯಲ್ಲಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರು. ಆ ಹೆಂಗಸು ಅತ್ತಾಗ ನಗಲಿಲ್ಲ. ತಲೆ ತಗ್ಗಿಸಿದರು. ಅಳು ಯಾವುದು, ನಗು ಯಾವುದು ಅವರಿಗೆ ಗೊತ್ತಾಗಿತ್ತು. ನನಗೆ ಹೆಮ್ಮೆಯಾಯಿತು, ಸಾವಿನ ಮನೆಯಲ್ಲಿ ಕೂತು ಹೆಮ್ಮೆ ಪಟ್ಟೆ.

ಸಾವಿನ ಮನೆಯಿಂದ ಏಳುವಾಗ ನಮ್ಮಲ್ಲಿ ಹೇಳಿಹೋಗುವುದಿಲ್ಲ. ಸುಮ್ಮನೆ ಎದ್ದು, ತಿರುಗಿ ನೋಡದೆ ನಡೆದುಬಿಡುವುದು. ಮತ್ತೆ ಬರುತ್ತೇನೆ ಎಂದರೆ ಆ ಮನೆಗೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದ ಹಾಗೆ. ಇದನ್ನು ಯಾರೂ ಯಾರಿಗೂ ಕೂರಿಸಿ ಕಲಿಸುವುದಿಲ್ಲ. ನನಗೂ ಯಾರೂ ಕಲಿಸಿರಲಿಲ್ಲ. ಅಮ್ಮನ ಸೆರಗು ಹಿಡಿದು ಹೋಗಿ ಬಂದು ಬಂದು ತಾನಾಗಿ ಬಂದಿತ್ತು. ಭಾವ ಎದ್ದರು, ಎಲ್ಲರೂ ಎದ್ದೆವು. ಇವರು ಮಾತ್ರ ನಿಂತು, ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡು, ಕಚ್ಚಿ ಮುಗಿಸಿ, ಆ ಹೆಂಗಸಿನ ಮುಖ ನೋಡಿ ಕೈ ಮುಗಿದರು.

"ಹೋಗಿ ಬತ್ತೀನಿ ಕಣಕ್ಕ. ನೀವೂ ನಮ್ಮನೆ ಕಡೆ ಬನ್ನಿ."

ಒಬ್ಬ ಮುದುಕಿ ಅಂಗಳಕ್ಕೆ ಥೂ ಎಂದು ಉಗಿದಳು. ಇವರು ನನ್ನ ಕಡೆ ತಿರುಗಿದರು. ಪಾಠ ಸರಿಯಾಗಿ ಒಪ್ಪಿಸಿದ ಸಮಾಧಾನ ಅವರ ಮುಖದಲ್ಲಿತ್ತು. ನನ್ನ ಮುಖ ನೋಡಿದ ಮೇಲೆ ಆ ಸಮಾಧಾನ ಹೋಯಿತು.

ತಿಂಗಳು ತುಂಬುವ ಮೊದಲು ಆ ಮನೆಯ ಚಿಕ್ಕ ಮಗು ಜ್ವರದಲ್ಲಿ ಹೋಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ನನ್ನ ಗಂಡ ಕಾಲಿಡದ ಎಷ್ಟೋ ಮನೆಗಳಲ್ಲಿ ಆ ವರ್ಷ ಹೆಣ ಎದ್ದವು. ಅವನ್ನು ಯಾವ ಬಾಯಿಯೂ ಆಡಲಿಲ್ಲ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ನಾನು ಮುಚ್ಚಿಸಲು ಹೋಗಿ ಬಾವಿಕಟ್ಟೆಯಲ್ಲಿ ಮೂರು ಜನರ ಹತ್ತಿರ ಜಡೆ ಹಿಡಿದು ಜಗಳವಾಡಿದೆ. ಮಗು ಕಳಕೊಂಡವಳು ಮಾತ್ರ ಜಗಳಕ್ಕೆ ಬರಲಿಲ್ಲ. ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲಿ ಕೊಡ ಇಟ್ಟು ಹೇಳಿದಳು:

"ನಂಗೆ ಅವ್ರ ಮೇಲೆ ಕ್ವಾಪ ಇಲ್ಲ ಕಣಕ್ಕ. ಇನ್ನೊಂದು ಮಗ ಅದೆ. ಅವ್ರು ನಮ್ಮನೆ ಮುಂದ್ಲಿಂದ ಓಡಾಡ್ದೆ ಇರ್ಲಿ, ಅಷ್ಟೆಯ."

ಊರಿನಲ್ಲೆಲ್ಲ ನನಗೆ ಸಿಟ್ಟು ಬಾರದೆ ಇದ್ದದ್ದು ಅವಳ ಮೇಲೊಂದೇ. ಅವಳ ಮನೆಯ ಮುಂದೆ ಹಾಯದೆ ನಮ್ಮ ಮನೆ ಸೇರಲು ದಾರಿಯಿಲ್ಲ. ಭಾವ ಏನನ್ನೂ ಹೇಳುವ ಮೊದಲೇ ನಾನು ಪಾತ್ರೆ ಕಟ್ಟಿದೆ. ಇವರೊಬ್ಬರನ್ನೇ ಗುಡಿಸಲಿಗೆ ಕಳಿಸುವುದು ಭಾವನ ಲೆಕ್ಕ. ನಾನೂ ಹೋದೆ.

ಗುಡಿಸಲಿನಲ್ಲಿ ಮಳೆಗಾಲ ಕಳೆಯುವುದೆಂದರೇನು ಎನ್ನುವುದನ್ನು ಹೇಳುವುದಿಲ್ಲ. ಜಿಗಣೆ, ಒದ್ದೆ ಸೌದೆ, ಇಬ್ಬರಿಗೂ ಜ್ವರ. ಆದರೆ ಪಾಠ ಬಿಡಲಿಲ್ಲ. ಬಿಟ್ಟರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಗದ್ದೆ ಬದುವಿನ ಮೇಲೆ ದಿನಕ್ಕೆ ಒಬ್ಬರೋ ಇಬ್ಬರೋ ಹಾಯುವರು. ಇವರು ಬಾಗಿಲಲ್ಲಿ ಕೂತು ಅವರ ಮುಖವನ್ನು ಬೇಕಾದಷ್ಟು ಹೊತ್ತು ನೋಡುವರು. ಈವಯ್ಯಂಗೆ ಹಸಿವು, ಈಯಮ್ಮಂಗೆ ಯಾರ ಮೇಲೋ ಸಿಟ್ಟು ಎಂದು ಹೇಳುವರು. ನೋಡನೋಡುತ್ತ ತಪ್ಪು ಕಡಿಮೆಯಾಯಿತು. ಅದುವರೆಗೆ ಸಿಗದಿದ್ದ ಹೆದರಿಕೆಯೂ ಅಲ್ಲೇ ಸಿಕ್ಕಿತು. ನಮ್ಮ ಗುಡಿಸಲು ಹತ್ತಿರವಾದಾಗ ಬದುವಿನ ಮೇಲಿನವರು ಹೆಜ್ಜೆ ಜೋರು ಮಾಡುತ್ತಿದ್ದರು. ಆ ಮುಖಗಳಲ್ಲೇ ಇವರು ಅದನ್ನು ಕಲಿತರು. ಕಲಿತದ್ದು ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಮತ್ತೆ ಹುತ್ತರಿ ಬಂತು. ಕಿರಿಮಗ ಪಂಕ್ತಿಯಲ್ಲಿ ಕೂರದಿದ್ದರೆ ಹೊಸಕ್ಕಿ ಅನ್ನ ಮುಟ್ಟುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದಾರೆ ಎಂಬ ಸುದ್ದಿ ನನಗೆ ಮೊದಲೇ ಮುಟ್ಟಿತ್ತು. ನಾನು ಇದ್ದ ಒಂದು ಒಳ್ಳೆಯ ಸೀರೆ ಒಗೆದು ಒಣಗಿಸಿದೆ. ಇವರಿಗೆ ಕ್ಷೌರ ಮಾಡಿಸಿದೆ. ಮನೆಗೆ ಹೋಗಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಯಾರ ಕಾಲು ಹಿಡಿಯಲೂ ಸಿದ್ಧಳಿದ್ದೆ. ಭಾವ ಬೆಳಿಗ್ಗೆಯೇ ಬದುವಿನ ಮೇಲೆ ಬರುವುದು ಕಂಡಿತು. ನಾನು ಸೀರೆ ಮಡಚಿ ಬುಟ್ಟಿಗೆ ಇಟ್ಟೆ.

ಭಾವ ಗುಡಿಸಲಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಮನೆಗೆ ಬನ್ನಿ, ಎಲ್ಲರೂ ಕಾಯುತ್ತಿದ್ದಾರೆ, ಹಳೆಯದನ್ನೆಲ್ಲ ಮರೆಯೋಣ ಎಂದರು. ಒಳ್ಳೆಯ ಮಾತುಗಳನ್ನೇ ಆಡಿದರು. ಇವರು ಎದ್ದು ನಿಂತರು. ಅಡಿಕೆಗೆ ಕೈ ಹಾಕಲಿಲ್ಲ. ಈಗೀಗ ಅದು ಬೇಕಾಗುತ್ತಿರಲಿಲ್ಲ. ಅಣ್ಣನ ಮುಖವನ್ನು ನೋಡಿದರು, ನಾನು ಕಲಿಸಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಕೋಪವಿಲ್ಲದೆ ಹೇಳಿದರು:

"ನಿನ್ ಬಾಯಿ ಕರೀತಾ ಅದೆ ಅಣ್ಣ. ಮುಖ ಬ್ಯಾಡ ಅಂತದೆ."

ಭಾವ ಇಲ್ಲ ಎನ್ನಲಿಲ್ಲ. ಅವರ ಕಣ್ಣು ತುಂಬಿತು. ಆದರೂ ಇಲ್ಲ ಎನ್ನಲಿಲ್ಲ. ಬಂದ ದಾರಿಯಲ್ಲೇ ಹೋದರು.

ಭಾವನ ಮುಖದಲ್ಲಿ ಏನಿತ್ತು ಎನ್ನುವುದು ನನಗೂ ಕಂಡಿತ್ತು. ಕಂಡೂ ನಾನು ಬುಟ್ಟಿ ಎತ್ತಿಕೊಂಡು ಹೊರಟುಬಿಡುತ್ತಿದ್ದೆ. ಪೂರ್ತಿ ಗುಣವಾದ ಮನುಷ್ಯ ಹಾಗೆಯೇ ಮಾಡುತ್ತಾನೆ. ಎದುರಿನವರ ಮುಖದಲ್ಲಿರುವುದನ್ನು ಓದುತ್ತಾನೆ, ಓದಿಲ್ಲದವನ ಹಾಗೆ ನಕ್ಕು ಎಲೆಯ ಮುಂದೆ ಕೂರುತ್ತಾನೆ. ಓದುವುದನ್ನು ನಾನು ಕಲಿಸಿಬಿಟ್ಟಿದ್ದೆ, ಓದಿಲ್ಲದವನ ಹಾಗೆ ಇರುವುದನ್ನು ಕಲಿಸಲು ನನ್ನಿಂದ ಆಗಲಿಲ್ಲ. ನಾನು ಅವರ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವರು ನನ್ನ ಮುಖ ನೋಡಿ, "ಕ್ವಾಪ ಅಲ್ಲ, ದುಃಖ" ಅಂದರು. ಅದೂ ಸರಿಯಾಗಿಯೇ ಇತ್ತು.